ಮುದಿ ಗಾಡಿಗೆ ಹರೆಯದ ಮುಂಗಾಲು

ಮೋಟರ್ ಸೈಕಲ್ಲಿನ ಸೀಟು ಹೊರನೋಟಕ್ಕೆ ಒಂದೇ ಆದರೂ ಅದು ಬಾಳುವ ಬಾಳು ಎರಡು ಬಗೆಯದು. ಮುಂದಿನ ಅರ್ಧ ಓಡಿಸುವವನ ಪಾಲಿನದು; ದಿನ ಬೆಳಗಾದರೆ ಪ್ಯಾಂಟಿನ ಉಜ್ಜಾಟಕ್ಕೆ ಸಿಕ್ಕಿ, ಹುಣಸೆಹಣ್ಣು ಹಚ್ಚಿ ಬೆಳಗಿದ ತಂಬಿಗೆಯಂತೆ ಅದು ಮಿರುಗುತ್ತಿರುತ್ತದೆ. ಹಿಂದಿನ ಅರ್ಧ ಜೊತೆಗೆ ಬರುವವರ ಪಾಲಿನದು. ಅಲ್ಲಿ ಯಾರೂ ಕೂರದೆ ಹೋದರೆ ಮೊದಲು ಧೂಳು ಬಂದು ಕೂರುತ್ತದೆ, ಆಮೇಲೆ ಓಣಿಯ ಬೆಕ್ಕು ಬಂದು ಕೂರುತ್ತದೆ. ಹೋದ ಬೇಸಿಗೆಯ ಒಂದು ಮುಂಜಾನೆ ನನ್ನ ಗಾಡಿಯ ಹಿಂದಿನ ಅರ್ಧದ ಮೇಲೆ ಬೆಕ್ಕೊಂದು ಕಾಲು ಚಾಚಿ, ತನ್ನ ಹೆಸರಿಗೆ ಖರೀದಿಯಾದ ಜಾಗವೇನೋ ಎಂಬ ನೆಮ್ಮದಿಯಿಂದ ಮಲಗಿದ್ದನ್ನು ಕಂಡಾಗ, ಈ ವ್ಯವಹಾರವನ್ನು ಇನ್ನು ಹೀಗೇ ಬಿಡುವಂತಿಲ್ಲ ಎಂದು ನನಗೆ ಖಾತ್ರಿಯಾಯಿತು. ಯಾಕೆಂದರೆ ಆ ಜಾಗ ನನ್ನ ಹೆಂಡತಿ ಕಸ್ತೂರಿಯದು.

ಕಸ್ತೂರಿ ನನ್ನ ಹೆಂಡತಿ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ನಾನು ಮೊರಬದವನು, ಹಳೆಯ ಒಕ್ಕಲುತನದ ಸಾಮಾನುಗಳನ್ನು ಕೊಂಡು, ರಿಪೇರಿ ಮಾಡಿಸಿ, ಬಣ್ಣ ಬಳಿಸಿ ಮಾರುವುದು ನನ್ನ ಕಸುಬು. ಟ್ರ್ಯಾಕ್ಟರಿಗೆ ಹೂಡುವ ಕೂರಿಗೆ, ಕುಂಟೆ, ರೋಟಾವೇಟರ್, ಟ್ರೇಲರ್, ಯಾವುದೂ ನನಗೆ ವರ್ಜ್ಯವಲ್ಲ. ಈ ಧಂದೆ ಅಂಗಡಿಯಲ್ಲಿ ಕೂತರೆ ಸಾಗುವುದಿಲ್ಲ. ಹೊಲದ ಮನೆಗಳಿಗೇ ಹೋಗಬೇಕು, ಸಾಮಾನನ್ನು ಅದು ನಿಂತ ಜಾಗದಲ್ಲೇ ನೋಡಬೇಕು, ಅದಕ್ಕಿಂತ ಹೆಚ್ಚಾಗಿ ಮಾರುವವರ ಮನೆಯನ್ನು ನೋಡಬೇಕು. ಅಲ್ಲಿಯೇ ಕಸ್ತೂರಿಯ ಕೆಲಸ. ನಾನು ಅಂಗಳದಲ್ಲಿ ಯಜಮಾನನ ಜೊತೆ ಮಳೆ ಬೆಳೆಯ ಮಾತಾಡುತ್ತ ಕಬ್ಬಿಣ ತಟ್ಟಿ ನೋಡುತ್ತಿದ್ದರೆ, ಆಕೆ ನೀರು ಕುಡಿಯುವ ನೆವದಲ್ಲಿ ಒಳಗೆ ಹೋಗಿ, ಆ ಮನೆಯ ಹೆಣ್ಣುಮಕ್ಕಳ ಜೊತೆ ಸುಖ ದುಃಖ ಹಂಚಿಕೊಂಡು, ಸಾಮಾನು ಯಾಕೆ ಮಾರಾಟಕ್ಕೆ ಬಂದಿದೆ ಎಂಬ ನಿಜವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬರುತ್ತಾಳೆ. ಬಂದವಳು "ಹೊತ್ತಾತ್ರಿ, ಹೋಗೂಣು" ಎಂದರೆ ಸಾಮಾನಿನಲ್ಲಿ ಐಬಿದೆ ಎಂದು ಅರ್ಥ. "ಇನ್ನೊಂದೀಟ ನೀರ ಕುಡೀತೇನಿ" ಎಂದರೆ ಸಾಮಾನು ಚಲೋ ಇದೆ, ಪಟ್ಟು ಬಿಡಬೇಡಿ ಎಂದು ಅರ್ಥ. ಹೀಗೆ ನಮ್ಮ ಸಂಸಾರವೂ ವ್ಯಾಪಾರವೂ ಒಂದೇ ಸೀಟಿನ ಎರಡು ತುದಿಗಳಲ್ಲಿ ಕೂತು ಬಹುಕಾಲ ಸುಖವಾಗಿ ಓಡಾಡಿಕೊಂಡಿದ್ದವು.

ಗಾಡಿಯ ಕುಲಗೋತ್ರವನ್ನೂ ಹೇಳಿಬಿಡುತ್ತೇನೆ. ಎಂಜಿನ್ನಿಗೆ ಸಿಲಿಂಡರು ಒಂದೇ ಆದರೂ ಎರಡು ಬದಿಗೂ ಸೈಲೆನ್ಸರ್ ಇರುವ, ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ಮಲಗಿ ಗೇರಿನ ಕಡ್ಡಿಯಾಗುವ, ಈಗ ಎಲ್ಲೂ ಕಣ್ಣಿಗೆ ಬೀಳದ ಆ ಹಳೆಯ ಜಾತಿ. ನನ್ನ ದುಡಿಮೆಯಲ್ಲಿ ನಾನು ಕೊಂಡ ಮೊದಲ ಗಾಡಿ ಅದು. ಅದರ ಸದ್ದು ಕೇಳಿದರೆ ಸುತ್ತಲಿನ ಹಳ್ಳಿಗಳಲ್ಲಿ "ಬಸಣ್ಣ ಬಂದ" ಎಂದು ಜನ ಕೊಟ್ಟಿಗೆಯ ತುಕ್ಕು ಸಾಮಾನನ್ನು ನೆನಪಿಸಿಕೊಳ್ಳುತ್ತಾರೆ. ಬೇರೆಯವರು ಹಣ ಕೊಟ್ಟು ಬೋರ್ಡು ಬರೆಸುವ ಕೆಲಸವನ್ನು ನನ್ನ ಸೈಲೆನ್ಸರ್ ಪುಕ್ಕಟೆ ಮಾಡುತ್ತದೆ. ಅದರ ಎಂಜಿನ್ನಿನಲ್ಲಿ ಲೋಪವಿಲ್ಲ, ಮೈಕಟ್ಟಿನಲ್ಲಿ ಲೋಪವಿಲ್ಲ. ಲೋಪವಿದ್ದದ್ದು ನಿಲ್ಲುವುದರಲ್ಲಿ. ಡ್ರಮ್ಮಿನ ಬ್ರೇಕಿಗೆ ಹೊಸ ಪಟ್ಟಿ ಹಾಕಿಸಿದ್ದೆ, ಹೊಸ ಕೇಬಲ್ ಎಳೆಸಿದ್ದೆ. ಆದರೂ ಆ ಕಾಲದ ಗಾಡಿ ಆ ಕಾಲದ ರಸ್ತೆಯ ಅಂದಾಜಿನಲ್ಲೇ ನಿಲ್ಲುತ್ತಿತ್ತು. ಬ್ರೇಕು ಹಿಡಿದರೆ ಹಿರಿಯ ಪಂಚರ ಹಾಗೆ ಮೊದಲು ಅಹವಾಲು ಕೇಳಿ, ಸ್ವಲ್ಪ ವಿಚಾರ ಮಾಡಿ, ಆಮೇಲೆ ತೀರ್ಮಾನಕ್ಕೆ ಬರುತ್ತಿತ್ತು.

ಒಂದು ದಿನ ನವಲಗುಂದದ ರಸ್ತೆಯಲ್ಲಿ ಕುರಿ ಹಿಂಡೊಂದು ದಿಢೀರನೆ ಅಡ್ಡ ಬಂತು. ನಾನು ಬ್ರೇಕು ಹಿಡಿದೆ, ಬ್ರೇಕು ವಿಚಾರಕ್ಕೆ ಕೂತಿತು. ಗಾಡಿ ಮೆಲ್ಲಗೆ, ಅಗದಿ ಸಾವಕಾಶವಾಗಿ, ನೆಂಟರ ಮನೆಗೆ ಹೊಕ್ಕಂತೆ ಹಿಂಡಿನೊಳಗೆ ಹೊಕ್ಕು, ಕಸ್ತೂರಿಯನ್ನು ಕುರಿಗಳ ನಡುವೆ ಇಳಿಸಿ ಮುಂದೆ ಹೋಗಿ ನಿಂತಿತು. ಆಕೆಗೆ ಒಂದು ಗೀರೂ ಆಗಲಿಲ್ಲ. ಕುರಿ ಕಾಯುವವನು ಓಡಿ ಬಂದು, "ಅವ್ವಾರ, ಹೆದರಬ್ಯಾಡ್ರಿ, ಉಣ್ಣೆ ಕತ್ತರಿಸಿಲ್ಲ ಇನ್ನ, ಮೆತ್ತಗ ಅದಾವು" ಎಂದು ಕುರಿಗಳ ಪರವಾಗಿ ಸಮಾಧಾನ ಹೇಳಿದ. ಕಸ್ತೂರಿ ಸೀರೆ ಕೊಡವಿಕೊಂಡು ಎದ್ದಳು.

"ನಿಂದ್ರಂದ್ರ ನಿಂದ್ರದ ಗಾಡಿ ಮ್ಯಾಲೆ ನಾ ಇನ್ನ ಕುಂದ್ರಂಗಿಲ್ಲ," ಎಂದಳು. "ನೀವು ಬೇಕಾದ್ರ ಒಂದ ಕುರಿ ಕುಂದ್ರಿಸ್ಕೊಂಡ ಹೋಗ್ರಿ."

ಅಲ್ಲಿಂದಲೇ ನಡೆದು ಬಸ್ ನಿಲ್ದಾಣಕ್ಕೆ ಹೋದಳು. ಅಂದಿನಿಂದ ಆಕೆಯದು ಬಸ್ಸು, ನನ್ನದು ಗಾಡಿ.

ಬಸ್ಸು ಹೊಲದ ಮನೆಗಳಿಗೆ ಹೋಗುವುದಿಲ್ಲವಲ್ಲ, ಅಲ್ಲಿಂದ ನನ್ನ ದೆಸೆ ಕೆಟ್ಟಿತು. ಕುಂದಗೋಳದ ಕಡೆ ಒಂದು ರೋಟಾವೇಟರನ್ನು ಒಬ್ಬನೇ ಹೋಗಿ ಕೊಂಡುತಂದೆ. ಅದರ ಗೇರ್ ಬಾಕ್ಸಿನಲ್ಲಿ ಸದ್ದಡಗಿಸಲು ಕಟ್ಟಿಗೆಯ ಪುಡಿ ತುಂಬಿದ್ದರು. ಕಸ್ತೂರಿ ಒಂದೇ ಮಾತು ಹೇಳಿದಳು: "ಅವರ ಮನಿ ಹೆಣ್ಣಮಕ್ಕಳ್ನ ಕೇಳಿದ್ರ ಹೇಳ್ತಿದ್ರು." ನಷ್ಟದ ಮಾತು ಹಾಗಿರಲಿ, ಅದನ್ನು ಇನ್ನೊಂದು ಸಾಮಾನಿನಲ್ಲಿ ತುಂಬಿಕೊಳ್ಳಬಹುದು. ತುಂಬಿಕೊಳ್ಳಲಾಗದ್ದು ಬೇರೆಯೇ ಇತ್ತು. ವ್ಯವಹಾರ ಮುಗಿಸಿ ಬರುವಾಗ ದಾರಿಯಲ್ಲಿ ಗಿರ್ಮಿಟ್ಟು, ಮೆಣಸಿನಕಾಯಿ ಬಜಿ ತಿನ್ನುತ್ತ, ಗೆದ್ದವರು ಯಾರು ಎಂದು ಜಗಳಾಡುವುದು ನಮ್ಮ ಪದ್ಧತಿ. ಒಬ್ಬನೇ ಬಜಿ ತಿಂದರೆ ಅದು ಬರೀ ಬಜಿ. ಕಿವಿಯ ಹಿಂದೆ ಒಂದು ಧ್ವನಿ "ಅಲ್ಲಿ ನೋಡ್ರಿ, ಅವರ ಹತ್ತಿ ಎಷ್ಟ ಎದ್ದೈತಿ, ಇಲ್ಲಿ ನೋಡ್ರಿ, ಇವರ ಬಾಂವಿ ಕಟ್ಟಿ ಬಿದ್ದೈತಿ" ಎಂದು ಹೇಳುತ್ತಿರದಿದ್ದರೆ ಅದೇ ರಸ್ತೆ, ಅದೇ ಹೊಲ, ನೋಡಲು ಏನೂ ಇರುವುದಿಲ್ಲ.

ಒಂದು ಮಾತು ಲಕ್ಷ್ಯವಿಟ್ಟು ಕೇಳಿ. ಗಾಡಿ ಓಡಿಸುವವನಿಗೆ ರಸ್ತೆ ಕಾಣುತ್ತದೆ, ಕೈಯಲ್ಲಿ ಬ್ರೇಕು ಇರುತ್ತದೆ. ಹಿಂದೆ ಕೂತವರಿಗೆ ಕಾಣುವುದು ಓಡಿಸುವವನ ಬೆನ್ನು ಮಾತ್ರ. ಅವರ ಕೈಯಲ್ಲಿ ಇರುವುದು ಅವನ ಅಂಗಿಯ ಚುಂಗು. ಹಾಗಾಗಿ ಗಾಡಿಯ ಎಂಜಿನ್ನು ಮುಂದೆ ಕೂತವನ ಸೊತ್ತಾದರೆ, ಬ್ರೇಕು ನಿಜವಾಗಿ ಹಿಂದೆ ಕೂತವರ ಸೊತ್ತು. ನೀವು ಹಳೆಯ ಗಾಡಿ ಕೊಳ್ಳಲು ಹೋದಾಗ ಹೇಗೆ ಓಡುತ್ತದೆ ಎಂದು ನೀವು ನೋಡಿ, ಹೇಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಮನೆಯವರಿಗೆ ನೋಡಲು ಬಿಡಿ.

ಹೊಸ ಸ್ಕೂಟರ್ ಕೊಳ್ಳಿ ಎಂದು ಎಲ್ಲರೂ ಹೇಳಿದರು. ಸ್ಕೂಟರ್ ಏರಿ ಹೋದರೆ ನನ್ನನ್ನು ಯಾವ ಹಳ್ಳಿಯ ನಾಯಿಯೂ ಗುರುತು ಹಿಡಿಯುವುದಿಲ್ಲ. ಗಾಡಿಯೂ ಉಳಿಯಬೇಕು, ಹೆಂಡತಿಯೂ ಏರಬೇಕು. ಇಂಥ ಎರಡೂ ತುದಿ ಕೂಡಿಸುವ ಲೆಕ್ಕವೇ ನನ್ನಂಥವರಿಗೆ ಹುರುಪು. ಅಳ್ನಾವರದಲ್ಲಿ ಇನಾಸ ಎಂಬ ಮೆಕ್ಯಾನಿಕ್ ಹಳೆಯ ಗಾಡಿಗಳಿಗೆ ಹೊಸ ಗಾಡಿಗಳ ಮುಂಭಾಗ ಕೂಡಿಸುತ್ತಾನೆಂಬ ಸುದ್ದಿ ಸಿಕ್ಕಿತು. ಗೋವಾಕ್ಕೆ ಹಾರಿಕೊಂಡು ಹೋಗುವ ರೇಸಿನ ಗಾಡಿಗಳು ಅಲ್ಲಿಯ ಕಾಡಿನ ತಿರುವುಗಳಲ್ಲಿ ಮುಗ್ಗರಿಸಿ ಕೊನೆಗೆ ಇವನ ಶೆಡ್ಡಿಗೆ ಬಂದು ಬೀಳುತ್ತವೆ. ನಾನು ಹೋದಾಗ ಅಲ್ಲೊಂದು ಕೆಂಪು ಗಾಡಿ ನಿಂತಿತ್ತು. ಹಿಂಬದಿಗೆ ಲಾರಿ ಗುದ್ದಿ ಅದು ಹಪ್ಪಳವಾಗಿತ್ತು. ಮುಂಬದಿ ಮಾತ್ರ ಹಸೆಗೆ ಕೂರಲು ಸಿದ್ಧನಾದ ಮದುಮಗನ ಹಾಗೆ ಕಳಕಳಿಸುತ್ತಿತ್ತು. ಮುಂದಿನ ಗಾಲಿ ಹಿಡಿದ, ದಪ್ಪ, ಬಂಗಾರ ಬಣ್ಣದ ಎರಡು ಫೋರ್ಕು, ಅಗಲ ಟೈರು, ಊಟದ ತಾಟಿನಷ್ಟು ದೊಡ್ಡ ಡಿಸ್ಕ್ ಬ್ರೇಕು.

ಇಲ್ಲಿ ನಿಮಗೊಂದು ಉಪದೇಶ. ಬೇಕಾದ ಸಾಮಾನಿನ ಮೇಲೆ ಮೊದಲು ಕಣ್ಣು ಹಾಕಬೇಡಿ. ಅದರ ಬಾಜೂಕಿನದನ್ನು ಕೇಳಿ. ನಾನು ಮೂಲೆಯಲ್ಲಿ ಬಿದ್ದಿದ್ದ ಸವೆದ ಟೈರೊಂದನ್ನು ಕಾಲಿನಿಂದ ತಿವಿದು, "ಇದನ್ನ ಎಷ್ಟಕ್ಕ ಕೊಡ್ತಿ?" ಎಂದೆ.

ಇನಾಸ ನಕ್ಕ. ಅವನು ನಲವತ್ತರ ಆಸುಪಾಸಿನ, ತನ್ನ ಬಗ್ಗೆ ತಾನೇ ಅಭಿಮಾನಿ ಸಂಘ ಕಟ್ಟಿಕೊಂಡಂಥ ಆಸಾಮಿ. "ಕಾಕಾ, ಆ ಟಾಯರ್ ನೋಡಾಕ ಮೊರಬದಿಂದ ಅಳ್ನಾವರಕ್ಕ ಬಂದೀರಿ ಅಂದ್ರ ನಾ ನಂಬಬೇಕೇನು? ಕೆಂಪ ಗಾಡಿ ಮುಂದಿನ ಸೆಟ್ ಬೇಕಲ್ಲ ನಿಮಗ? ಈ ಇನಾಸ ಕೈ ಹಚ್ಚಿದ್ರ ಒನಕೀನೂ ಓಡತೈತಿ."

"ಓಡೋದು ನಮ್ಮನ್ಯಾಗ ಬೇಕಾದಷ್ಟೈತಿ. ನಿಂದ್ರೋದು ಬೇಕಾಗೇತಿ," ಎಂದೆ.

ಫೋರ್ಕಿನ ಕೊಳವೆಗಳನ್ನು ಕಳಚಿಸಿ, ಕನ್ನಡಿಯ ಮೇಲೆ ಉರುಳಿಸಿ, ಸೊಟ್ಟವಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಎಣ್ಣೆ ಸೋರುತ್ತದೆಯೋ ಎಂದು ಬಿಳಿ ಕರವಸ್ತ್ರದಿಂದ ಒರೆಸಿ ನೋಡಿದೆ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈಯ ಮೇಲೆ ಹಾಸಿ ಅವನ ಕೈ ಕೇಳಿದೆ. ನಮ್ಮ ಕಡೆ ಎತ್ತಿನ ವ್ಯಾಪಾರ ಹೀಗೆಯೇ ನಡೆಯುವುದು. ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತ ಯಾರಿಗೂ ತಿಳಿಯುವುದಿಲ್ಲ.

"ಇದೇನ್ರಿ ಕಾಕಾ, ಎತ್ತಿನ ಸಂತಿ ಏನು? ಇಲ್ಲಿ ಯಾರದಾರ? ಬಾಯಿಲೇ ಹೇಳ್ರಿ."

"ಬಾಯಿಲೇ ಹೇಳಿದ ರೇಟ್ ಬಾಯಿಲೇ ಬದಲಾಕ್ಕೈತಿ. ಕೈ ಕೊಡು."

ಅವನಿಗೆ ಅಂಗೈಯಲ್ಲಿ ಕಚಗುಳಿ ಇತ್ತು. ನಾನು ಬೆರಳು ಹಿಡಿದಾಗಲೆಲ್ಲ ನಕ್ಕು ಕೈ ಎಳೆದುಕೊಳ್ಳುತ್ತಿದ್ದ. ನಗುವ ಮನುಷ್ಯ ಚೌಕಾಸಿಯಲ್ಲಿ ಗಟ್ಟಿಯಾಗಿ ನಿಲ್ಲಲಾರ ಎಂಬುದನ್ನೂ ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಎಷ್ಟಕ್ಕೆ ಮುಗಿಯಿತೆಂದು ಹೇಳಲಾರೆ, ಟವೆಲ್ಲಿನ ಅಡಿಯ ಮಾತು ಅಲ್ಲಿಯೇ ಇರಬೇಕು. ಹೇಳಬಹುದಾದ್ದು ಇಷ್ಟು: ನನ್ನ ಗಾಡಿಯ ಹಳೆಯ ಮುಂಭಾಗ, ಅಂದರೆ ಫೋರ್ಕು, ಗಾಲಿ, ಡ್ರಮ್ಮು, ಎತ್ತರದ ಕಬ್ಬಿಣದ ಮಡ್‌ಗಾರ್ಡು, ಎಲ್ಲವನ್ನೂ ಅವನಿಗೇ ಬಿಟ್ಟುಕೊಟ್ಟು ಬೆಲೆಯನ್ನು ಇನ್ನಷ್ಟು ಇಳಿಸಿದೆ. ಬೇಡದ ಸಾಮಾನನ್ನು ಕೊಟ್ಟು ಬೇಕಾದದ್ದನ್ನು ತರುವುದಕ್ಕಿಂತ ದೊಡ್ಡ ಸುಖ ನಮ್ಮ ಕಸುಬಿನಲ್ಲಿಲ್ಲ. ಗಾಡಿಯನ್ನು ಅವನ ಶೆಡ್ಡಿನಲ್ಲೇ ಬಿಟ್ಟು, ಶಿಳ್ಳೆ ಹಾಕುತ್ತ ರೈಲು, ಬಸ್ಸು ಹತ್ತಿ ಊರಿಗೆ ಬಂದೆ.

ಗಾಡಿಗೂ ಕುತ್ತಿಗೆ ಇರುತ್ತದೆಂದು ಆ ದಿನಗಳಲ್ಲಿ ತಿಳಿಯಿತು. ಹ್ಯಾಂಡಲ್ಲಿನ ಕೆಳಗೆ, ಟ್ಯಾಂಕಿನ ಮುಂದೆ ಇರುವ ಒಂದು ಗೇಣಿನ ಕೊಳವೆ ಅದು. ಮುಂಭಾಗವೆಲ್ಲ ತೂಗುವುದೂ ತಿರುಗುವುದೂ ಅದರೊಳಗಿನ ಒಂದು ದಂಡದ ಮೇಲೆ. ಹೊಸ ಗಾಡಿಯ ದಂಡ ಹಳೆಯ ಕುತ್ತಿಗೆಗೆ ಗಿಡ್ಡವಾಯಿತು. ಇನಾಸ ಅದನ್ನು ಕಳಚಿ, ಲೇಥಿನಲ್ಲಿ ಉದ್ದದ ದಂಡ ಕಡೆಸಿ, ಮೇಲೆ ಕೆಳಗೆ ಹೊಸ ಬೇರಿಂಗು ಕೂಡಿಸಿದ. ಹ್ಯಾಂಡಲ್ ತಿರುಗಿಸಿದರೆ ದಪ್ಪ ಫೋರ್ಕು ಟ್ಯಾಂಕಿಗೆ ಬಡಿಯಿತು. ಅಲ್ಲೊಂದು ತಡೆ ಬೆಸೆದ. ಪರಿಣಾಮವಾಗಿ ಈಗ ಗಾಡಿಯನ್ನು ಓಣಿಯಲ್ಲಿ ಹೊರಳಿಸಬೇಕಾದರೆ ಎತ್ತಿನ ಬಂಡಿಗೆ ಬೇಕಾದಷ್ಟು ಜಾಗ ಬೇಕು. ರೇಸಿನ ಗಾಡಿಯ ಗಿಡ್ಡ ಹ್ಯಾಂಡಲ್ ಇಡಲು ಬಂದಾಗ ನಾನು ಒಪ್ಪಲಿಲ್ಲ. ಅದನ್ನು ಹಿಡಿದರೆ ಮನುಷ್ಯ ಕಳೆದುಹೋದ ಮೂಗುತಿ ಹುಡುಕುವವನಂತೆ ಬಗ್ಗಬೇಕು. ನನ್ನ ಹಳೆಯ ಹ್ಯಾಂಡಲ್ಲೂ ದುಂಡು ದೀಪವೂ ಇದ್ದಂತೆಯೇ ಇರಲಿ ಎಂದೆ. ನೀವು ಇಂಥದ್ದನ್ನು ಮಾಡಿಸುವುದಾದರೆ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿ, ಕಾಗದಪತ್ರ ನೆಟ್ಟಗೆ ಮಾಡಿಕೊಂಡು ಮಾಡಿಸಿ. ನಾನು ಅದಕ್ಕೆ ಸವೆಸಿದ ಚಪ್ಪಲಿಯ ಕಥೆ ಬೇರೆಯೇ ಇದೆ, ಅದನ್ನು ಹೇಳಿ ನಿಮ್ಮ ಉತ್ಸಾಹಕ್ಕೆ ನೀರೆರಚುವುದಿಲ್ಲ.

ಗಾಡಿ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ನಿಂಗಪ್ಪಜ್ಜ ಅದನ್ನು ಹಿಂದಿನಿಂದ ಮುಂದಕ್ಕೂ ಮುಂದಿನಿಂದ ಹಿಂದಕ್ಕೂ ನೋಡಿದ.

"ಏನಲೇ ಬಸ್ಯಾ, ಎಮ್ಮಿಗೆ ಕುದುರಿ ಮಾರಿ ಹಚ್ಚಿಸ್ಕೊಂಡ ಬಂದೀಯಲ್ಲ?"

"ಹಾಲು ಎಮ್ಮೀದ ಬರತೈತಿ ಬಿಡೋ ಅಜ್ಜ," ಎಂದು ದಾಟಿಸಿದೆನಾದರೂ ಆ ಮಾತು ನನ್ನನ್ನು ಸುಮ್ಮನೆ ಬಿಡಲಿಲ್ಲ. ಕಟ್ಟೆಯಿಂದ ಮನೆಯವರೆಗೆ ನಡೆಯುತ್ತ ಊರನ್ನು ಹೊಸ ಕಣ್ಣಿನಿಂದ ನೋಡಿದೆ. ನಿಂಗಪ್ಪಜ್ಜನ ಮನೆಯೇ ಇದೆಯಲ್ಲ: ಮುಂದೆ ಸಿಮೆಂಟಿನ ಪಡಸಾಲೆ, ಗೋಡೆಗೆ ನವಿಲಿನ ಟೈಲ್ಸು, ಸ್ಟೀಲಿನ ಕಟಾಂಜನ, ಎರಡು ಹೆಜ್ಜೆ ಒಳಗೆ ಇಟ್ಟರೆ ಅದೇ ಮಣ್ಣಿನ ಮಾಳಿಗೆ, ಅದೇ ಬೇವಿನ ಕಂಬ, ಅದೇ ತಂಪು. ನಮ್ಮ ಕಪ್ಪು ಮಣ್ಣಿನ ಎರೆಸೀಮೆಯ ಊರುಗಳಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಹೀಗೆ ಮುಂಭಾಗ ಬದಲಾಗಿದೆ. ಎತ್ತಿನ ಬಂಡಿಯ ಕಟ್ಟಿಗೆ ಗಾಲಿ ಹೋಗಿ ಟೈರು ಬಂದು ಎಷ್ಟು ಕಾಲವಾಯಿತು. ಅದನ್ನು ಕಂಡು ಯಾವ ಎತ್ತೂ ಮುನಿಸಿಕೊಳ್ಳಲಿಲ್ಲ. ನಿಂಗಪ್ಪಜ್ಜನ ಬಾಯಲ್ಲಿ ಹೊಸ ಹಲ್ಲಿನ ಸೆಟ್ಟು, ಮೂಗಿನ ಮೇಲೆ ಹೊಸ ಚಷ್ಮಾ, ಕಿವಿಯ ಹತ್ತಿರ ಮೊಮ್ಮಗಳು ಕೊಟ್ಟ ಮೊಬೈಲು. ಹಿಂದೆ ಹಳೆಯ ಎಂಜಿನ್ನು ಮಾತ್ರ ಅದೇ ಬೈಗುಳ ಬೈಯುತ್ತ ಅದೇ ಲಯದಲ್ಲಿ ಓಡುತ್ತಿದೆ. ಲೋಕಕ್ಕೆ ಎದುರಾಗುವ ಭಾಗ ಬೇಗ ಸವೆಯುತ್ತದೆ, ಅದನ್ನು ಬದಲಿಸಿಕೊಂಡರೆ ಒಳಗಿನದು ಇನ್ನಷ್ಟು ಕಾಲ ಬಾಳುತ್ತದೆ. ಮನುಷ್ಯನಿಗೂ ಮನೆಗೂ ಒಪ್ಪಿದ ಈ ನ್ಯಾಯ ಮೋಟರ್ ಸೈಕಲ್ಲಿಗೆ ಯಾಕೆ ಒಪ್ಪಬಾರದು ಎಂದು ನನ್ನ ಪರವಾಗಿ ನಾನೇ ವಾದಿಸಿ ಗೆದ್ದೆ.

ಕಸ್ತೂರಿಯ ಎದುರು ವಾದ ನಡೆಯುವುದಿಲ್ಲ, ಅಲ್ಲಿ ಮಾಲು ತೋರಿಸಬೇಕು. ಆಕೆ ಓಣಿಯ ನಡುವೆ ಕಾಲಿನಿಂದ ಧೂಳಿನಲ್ಲಿ ಒಂದು ಗೆರೆ ಎಳೆದು, ಅದರ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಆ ತುದಿಯಿಂದ ಬರ್ರಿ. ನಾ ಕೈ ಎತ್ತಿದ ಕೂಡ್ಲೆ ನಿಂದ್ರಬೇಕು. ಗೆರಿ ದಾಟಿದ್ರ ಗಾಡಿ ನಿಮ್ಮ ಇನಾಸಗ ವಾಪಸ್."

ಬಂದೆ. ಕೈ ಎತ್ತಿದಳು. ಎರಡು ಬೆರಳಿನಿಂದ ಬ್ರೇಕು ಒತ್ತಿದೆ. ವಿಚಾರವಿಲ್ಲ, ಅಹವಾಲಿಲ್ಲ, ಗಾಡಿ ಮೂಗು ಬಗ್ಗಿಸಿ ನಮಸ್ಕಾರ ಮಾಡಿ ನಿಂತುಬಿಟ್ಟಿತು. ನಿಂಗಪ್ಪಜ್ಜ ಕಟ್ಟೆಯಿಂದಲೇ, "ಅವ್ವಾ, ನಿನ್ನ ಕಂಡ ಗಂಡಗಿಂತ ಗಾಡಿ ಹೆಚ್ಚ ಹೆದರತೈತಿ ನೋಡು," ಎಂದ. ಕಸ್ತೂರಿ ನಗಲಿಲ್ಲ. ಕೊಳ್ಳುವ ಮನಸ್ಸಿರುವವರು ಸಾಮಾನು ಹೊಗಳುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಆಕೆಗೆ ಗೊತ್ತು.

"ಒಂದ ಸಲ ಬರ್ತೇನಿ," ಎಂದಳು. "ಮನಸಿಗೆ ಬರಲಿಲ್ಲಂದ್ರ ನನಗ ಬಸ್ಸ ಐತಿ. ಮತ್ತ ಕೇಳಬಾರದು."

ಆ ಒಂದು ಸಲ ಬಂದದ್ದು ಮುಂಗಾರಿನ ಮೊದಲ ವಾರಗಳಲ್ಲಿ. ನವಲಗುಂದದ ಹಾದಿಯಲ್ಲಿ, ಡಾಂಬರು ರಸ್ತೆಯಿಂದ ಸ್ವಲ್ಪ ಒಳಗೆ ಫಕೀರಗೌಡರ ಹೊಲದ ಮನೆ. ಅವರದೊಂದು ಟ್ರ್ಯಾಕ್ಟರ್ ಕೂರಿಗೆ ಮಾರುವುದಿತ್ತು. ಹೆಸರುಕಾಳು ಬಿತ್ತುವ ಹಂಗಾಮಿನಲ್ಲಿ ಬಿತ್ತುವ ಕೂರಿಗೆಯನ್ನೇ ಮಾರುತ್ತಾರೆಂದರೆ ಒಳಗೊಂದು ಕಾರಣವಿರಲೇಬೇಕು, ಕಾರಣ ತಿಳಿಯಲು ಕಸ್ತೂರಿ ಬೇಕೇ ಬೇಕು. ಇಬ್ಬರೂ ಹೆಲ್ಮೆಟ್ ಹಾಕಿಕೊಂಡು ಹೊರಟೆವು. ಡಾಂಬರಿನ ಮೇಲೆ ಎಲ್ಲವೂ ನನ್ನ ಕನಸಿನಂತೆಯೇ ನಡೆಯಿತು. ಎದುರಿಗೆ ಎಮ್ಮೆ ಬಂತು, ನಿಲ್ಲಿಸಿದೆ. ಟ್ರೇಲರ್ ಅಡ್ಡ ತಿರುಗಿತು, ನಿಲ್ಲಿಸಿದೆ. ಯಾರೂ ಬಾರದಿದ್ದಾಗಲೂ ಒಮ್ಮೆ ಸುಮ್ಮನೆ ನಿಲ್ಲಿಸಿ ತೋರಿಸಿದೆ. ಹಿಂದಿನ ಧ್ವನಿ ಮೆಲ್ಲಗೆ ಮರಳಿ ಬಂತು: "ಅಲ್ಲಿ ನೋಡ್ರಿ, ಇವರು ಹತ್ತಿ ಬಿಟ್ಟು ಗೋವಿನಜ್ವಾಳ ಹಾಕ್ಯಾರ." ಆ ಗೋವಿನಜೋಳ ನನಗೆ ಜಗತ್ತಿನ ಅತಿ ಸುಂದರ ಬೆಳೆಯಾಗಿ ಕಂಡಿತು.

ಆಮೇಲೆ ನಾವು ಹೊಲದ ದಾರಿಗೆ ಇಳಿದೆವು.

ಹಿಂದಿನ ಸಂಜೆ ಮಳೆಯಾಗಿತ್ತು. ಮೇಲೆ ತೆಳ್ಳಗೆ ಆರಿದ ಕೆನೆ, ಒಳಗೆ ಹಸಿ ಎರೆ. ಎರೆಯನ್ನು ಕಂಡಿರದವರಿಗೆ ಹೇಳಬೇಕು: ಅದು ಬೇಸಿಗೆಯಲ್ಲಿ ಕಲ್ಲು, ಮಳೆಯಲ್ಲಿ ಅಂಟು. ಚಪ್ಪಲಿ ಮೆಟ್ಟಿ ನಡೆದರೆ ಹೆಜ್ಜೆ ಹೆಜ್ಜೆಗೂ ಮನುಷ್ಯ ಎತ್ತರವಾಗುತ್ತ ಹೋಗುತ್ತಾನೆ. ಅದಕ್ಕೇ ನಮ್ಮವರು ಒಂದು ಹನಿ ಬಿದ್ದರೆ ಸಾಕು, ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಾರೆ. ನನ್ನ ಹಳೆಯ ಮಡ್‌ಗಾರ್ಡು ಗಾಲಿಯಿಂದ ಎತ್ತರದಲ್ಲಿ ನಿಂತಿರುತ್ತಿತ್ತು, ಎಷ್ಟು ಕೆಸರು ಬಂದರೂ ನಡುವೆ ಹಾದುಹೋಗುತ್ತಿತ್ತು. ಹೊಸದು ರೇಸಿನ ಗಾಡಿಯದು. ಗಾಳಿಯನ್ನು ಸೀಳಲೆಂದು ಅಗಲ ಟೈರಿಗೆ ಒಳಅಂಗಿಯಂತೆ ಅಂಟಿಕೊಂಡು ಕೂತ ಪ್ಲಾಸ್ಟಿಕ್ಕು. ಇನಾಸ ಅಳ್ನಾವರದವನು, ಅವನ ಊರಿನ ಕೆಂಪು ಗರಸು ಮಣ್ಣು ಗಾಲಿಗೆ ಹತ್ತಿದಷ್ಟೇ ಬೇಗ ಉದುರುತ್ತದೆ. ಅವನಿಗೆ ಇದು ಹೊಳೆಯದಿದ್ದುದು ಸಹಜ. ಎರೆಯಲ್ಲೇ ಹುಟ್ಟಿ ಎರೆಯಲ್ಲೇ ಬೆಳೆದ ನಾನು ಆ ಕೆಂಪು ನೆಲದ ಮೇಲೆ ನಿಂತು, ಬೇಡದ ಸಾಮಾನೆಂದು ಮಡ್‌ಗಾರ್ಡನ್ನು ದಾಟಿಸಿ, ಶಿಳ್ಳೆ ಹಾಕುತ್ತ ಬಂದಿದ್ದೆ. ಯಾವ ವಸ್ತುವನ್ನೇ ಕೊಳ್ಳಿ ಸ್ವಾಮಿ, ನಿಂತ ನೆಲದ ಮೇಲೆ ನಿಂತು ಕೊಳ್ಳಬೇಡಿ. ಬಳಸುವ ನೆಲವನ್ನು ಮನಸ್ಸಿನಲ್ಲಿ ಹಾಸಿಕೊಂಡು ಕೊಳ್ಳಿ.

ಗಾಲಿ ಮೊದಲು ಗೊಣಗಿತು, ಆಮೇಲೆ ಬಿಗಿಯಿತು, ಆಮೇಲೆ ಮಡ್‌ಗಾರ್ಡಿನೊಳಗೆ ಎರೆ ಗಚ್ಚಾಗಿ ಕೂತು ಪೂರಾ ನಿಂತುಹೋಯಿತು. ನಾವು ಬೀಳಲಿಲ್ಲ. ಗಾಡಿ ದಾರಿಯ ನಡುವೆ ಕಂಬ ನೆಟ್ಟಂತೆ ನಿಂತಿತು, ಎಂಜಿನ್ನು ಮಾತ್ರ ಹಿಂದಿನಿಂದ ಯಾಕೆ ಯಾಕೆ ಎಂದು ಕೇಳುತ್ತಿತ್ತು. ಹನಿ ಶುರುವಾಯಿತು. ಕಸ್ತೂರಿ ಇಳಿದು, ಚಪ್ಪಲಿ ಕೈಗೆ ತೆಗೆದುಕೊಂಡು, ಗಾಲಿಯನ್ನೂ ನನ್ನನ್ನೂ ನೋಡಿದಳು.

"ಮೊದಲ ನಿಂದ್ರಂದ್ರ ನಿಂದ್ರತಿರಲಿಲ್ಲ," ಎಂದಳು. "ಈಗ ಹೋಗಂದ್ರ ಹೋಗವಲ್ಲದು. ಎಷ್ಟ ಚಲೋ ಬ್ರೇಕ ತಂದೀರಿ."

ಒಂದೇ ಸಲದ ಕರಾರು ಅದು, ಆ ಸಲ ಕೆಸರಿನಲ್ಲಿ ಹೂತು ನಿಂತಿತ್ತು. ಹೊಲದ ಮನೆಯಿಂದ ನಮ್ಮನ್ನು ಕಂಡಿರಬೇಕು, ಫಕೀರಗೌಡರು ಸ್ವತಃ ಟ್ರ್ಯಾಕ್ಟರ್ ತೆಗೆದುಕೊಂಡು ಬಂದರು.

"ಏನ್ರಿ ಬಸಣ್ಣಾರ, ಹೊಸಾ ಕುದುರಿ ಹಟ ಹಿಡದೈತಲ್ಲ. ಬರ್ರಿ ಅಕ್ಕಾರ, ಮ್ಯಾಲ ಹತ್ತರಿ. ಗಾಡಿ ಇಲ್ಲೇ ಇರ್ಲಿ, ಯಾರೂ ಒಯ್ಯಂಗಿಲ್ಲ, ಒಯ್ಯಾಕ ಬರೂದೂ ಇಲ್ಲ."

ಒಣಗಿದ, ಎತ್ತರದ, ಭದ್ರವಾದ ಸೀಟು. ಕಸ್ತೂರಿ ಅದನ್ನು ನೋಡಿದಳು. ನನ್ನ ಎದೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯಿತು.

"ಬ್ಯಾಡ್ರಿ ಗೌಡ್ರ, ನಿಮಗ್ಯಾಕ ತ್ರಾಸು," ಎಂದಳು. "ನೀವು ಮುಂದ ನಡೀರಿ, ನಾವು ಗಾಡಿ ಮ್ಯಾಲೇ ಬರ್ತೇವಿ."

ಗೌಡರು ಟ್ರ್ಯಾಕ್ಟರ್ ಹೊರಳಿಸಿಕೊಂಡು ದೂರ ಹೋಗುವವರೆಗೆ ತಡೆದು, ದನಿ ತಗ್ಗಿಸಿದಳು. "ಮಾರಾವ್ರ ಟ್ರ್ಯಾಕ್ಟರ್ ಹತ್ತಿ ಅವರ ಮನಿಗೆ ಹೋದ್ರ, ಆಮ್ಯಾಲ ರೇಟ್ ಕಡಿಮಿ ಮಾಡ್ರಿ ಅನ್ನಾಕ ಬಾಯಿ ಬರತೈತೇನು? ಪಕ್ಕಡ ತಗೀರಿ."

ಹಾಗಾದರೆ ಇದು ವ್ಯವಹಾರದ ಮಾತಷ್ಟೇ ಎಂದು ನನಗೆ ತಿಳಿಯಿತು. ನನ್ನ ಗಾಡಿಯ ಮೇಲೆ ಆಕೆಯ ತೀರ್ಪು ಇನ್ನೂ ಬಂದಿರಲಿಲ್ಲ. ಚೀಲದಲ್ಲಿ ಸದಾ ಇರುವ ಪಕ್ಕಡ ತೆಗೆದು ಬೋಲ್ಟುಗಳ ತಲೆ ಹಿಡಿದು ತಿರುವಿದೆ. ಕಸ್ತೂರಿ ಬದುವಿನಿಂದ ಗಟ್ಟಿ ಕಡ್ಡಿಯೊಂದನ್ನು ತಂದು, ಹೋಳಿಗೆಯ ಹೂರಣ ತೆಗೆಯುವಂತೆ ಎರೆಯನ್ನು ಮುದ್ದೆ ಮುದ್ದೆಯಾಗಿ ಕೆರೆದು ತೆಗೆದಳು. ಮಡ್‌ಗಾರ್ಡು ಕೈಗೆ ಬಂತು. ಮಳೆ ಸ್ವಲ್ಪ ಜೋರಾಯಿತು. ಆಕೆ ಅದನ್ನು ತಿರುವಿ ಮುರುವಿ ನೋಡಿ, ಗೋಣಿಚೀಲದ ಕೊಪ್ಪೆ ಹಾಕಿಕೊಂಡಂತೆ ಹೆಲ್ಮೆಟ್ಟಿನ ಮೇಲೆ ಹಿಡಿದುಕೊಂಡು ಹಿಂದೆ ಕೂತಳು. ನಾನು ಎರಡೂ ಕಾಲು ನೆಲಕ್ಕೆ ಊರುತ್ತ, ಗೇಣು ಗೇಣಾಗಿ ಗಾಡಿ ನಡೆಸಿದೆ. ಬತ್ತಲೆ ಗಾಲಿ ಎತ್ತಿ ಎಸೆದ ಎರೆಯೆಲ್ಲ ನನ್ನ ಎದೆಗೂ ಮುಖಕ್ಕೂ ಬಂದು ಬಡಿಯುತ್ತಿತ್ತು. ಹಿಂದೆ ಆಕೆ ನಗುತ್ತಿದ್ದಳೋ, ಚಳಿಗೆ ನಡುಗುತ್ತಿದ್ದಳೋ, ಸೀಟು ಅಲುಗುವುದರ ಮೇಲಿಂದ ಹೇಳಲು ಬರಲಿಲ್ಲ.

ಗೌಡರ ಮನೆಯಲ್ಲಿ ಬಿಸಿನೀರು ಕೊಟ್ಟರು, ಚಹಾ ಕೊಟ್ಟರು. ಕಸ್ತೂರಿ ಒಳಗೆ ಹೋದಳು. ನಾನು ಅರ್ಧ ಮನುಷ್ಯ ಅರ್ಧ ಎರೆಯಾಗಿ ಕೂರಿಗೆಯ ಹಲ್ಲು ತಟ್ಟುತ್ತ ನಿಂತೆ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಇನ್ನೊಂದೀಟ ನೀರ ಕುಡೀತೇನಿ" ಎಂದಳು. ಅಣ್ಣತಮ್ಮಂದಿರು ಹೊಲ ಕೂಡಿಸಿಕೊಂಡು ದೊಡ್ಡ ಕೂರಿಗೆ ತಂದಿದ್ದರಂತೆ, ಚಿಕ್ಕದಕ್ಕೆ ಕೆಲಸವಿರಲಿಲ್ಲ. ಐಬಿನ ಮಾತೇ ಇಲ್ಲ. ಟವೆಲ್ಲಿನ ಅಡಿಯಲ್ಲಿ ಗೌಡರ ಬೆರಳು ಹಿಡಿದೆ, ಕೆಸರಿಗೆ ಬೆರಳು ಜಾರಿದರೂ ಬೆಲೆ ಜಾರಲಿಲ್ಲ, ಮಾತು ಮುಗಿಯಿತು.

ಗೌಡರು ಆಕಾಶ ನೋಡಿದರು. "ಅಕ್ಕಾರ, ಮತ್ತ ಮೋಡ ಕಟ್ಟೇತಿ. ಈಗ ವ್ಯವಹಾರ ಮುಗೀತು, ಇನ್ನ ನಮ್ಮ ಟ್ರ್ಯಾಕ್ಟರ್ ಹತ್ತಾಕ ನಿಮಗ ಸಂಕೋಚ ಬ್ಯಾಡ. ಡಾಂಬರ ರಸ್ತೆಗೆ ಬಿಟ್ಟು ಬರ್ತೇನಿ, ಮೊರಬದ ಬಸ್ಸ ಬರೂ ಹೊತ್ತು."

ಗೌಡರು ವ್ಯವಹಾರ ಬಲ್ಲವರು. ಮೊದಲಿನ ನಿರಾಕರಣೆಯ ಕಾರಣ ಅವರಿಗೆ ಆಗಲೇ ತಿಳಿದಿತ್ತು. ಈಗ ಆ ಕಾರಣವೂ ಉಳಿದಿರಲಿಲ್ಲ. ಗಾಡಿ ಹೇಗೆ ಓಡುತ್ತದೆ, ಹೇಗೆ ನಿಲ್ಲುತ್ತದೆ, ಹೇಗೆ ಹೂತುಕೊಳ್ಳುತ್ತದೆ, ಎಲ್ಲವನ್ನೂ ಕಸ್ತೂರಿ ನೋಡಿಯಾಗಿತ್ತು. ಮರೆಮಾಚಲು ನನ್ನ ಬಳಿ ಏನೂ ಇರಲಿಲ್ಲ. ಎದುರಿನವರು ಮನಸ್ಸು ಮಾಡುತ್ತಿರುವಾಗ ಬಾಯಿ ತೆರೆಯಬಾರದೆಂಬುದು ನನ್ನ ಕಸುಬಿನ ಅತಿ ಕಷ್ಟದ ಪಾಠ. ನಾನು ಬಗ್ಗಿ, ಡಿಸ್ಕಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತೆ.

ಕಸ್ತೂರಿ ಕೈಯಲ್ಲಿದ್ದ ಮಡ್‌ಗಾರ್ಡನ್ನು ಗೌಡರ ಹೆಂಡತಿಗೆ ಕೊಟ್ಟಳು. "ಇದನ್ನ ಇಟ್ಕೋರಿ, ಅಂಗಾತ ಇಟ್ರ ಕೋಳಿಗೆ ಕಾಳು ಹಾಕಾಕ ಚಲೋ ಆಕ್ಕೈತಿ," ಎಂದಳು. ಆಮೇಲೆ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ ಎತ್ತಿಕೊಂಡು ಗೌಡರ ಕಡೆ ಹೊರಳಿದಳು.

"ಬಸ್ಸ ಯಾಕ್ರಿ ಗೌಡ್ರ, ಗಾಡಿ ಐತಲ್ಲ."

ನಾನು ಕಾರಣ ಕೇಳಲಿಲ್ಲ. ಕುದುರಿದ ವ್ಯಾಪಾರದಲ್ಲಿ ಯಾಕೆ ಎಂದು ಕೇಳುವವನು ವ್ಯಾಪಾರಿಯಲ್ಲ. ಎದ್ದು, ಕೈ ಒರೆಸಿಕೊಂಡು, ಕಿಕ್ ಹೊಡೆದೆ.